ಸದ್ಯಕ್ಕೆ ಗೂಡಲ್ಲಿರಲಿ

ನಮ್ಮ ನಡುಮನೆಯ ಗೋಡೆಯಲ್ಲೊಂದು ಮೊಳೆಯ ತೂತಿದೆ. ಮೊಳೆ ಇಲ್ಲ, ತೂತು ಮಾತ್ರ. ಸುತ್ತ ಅಂಗೈಯಗಲ ಗಾರೆ ಉದುರಿ ಒಳಗಿನ ಇಟ್ಟಿಗೆ ಕೆಂಪಗೆ ಕಾಣುತ್ತದೆ. ಮನೆಗೆ ಬಂದವರ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ, ಹೋದ ಮೇಲೆ ಬಾಯಿ ಸುಮ್ಮನಿರುವುದಿಲ್ಲ. ಮೊನ್ನೆ ಗ್ಯಾಸ್ ಸಿಲಿಂಡರು ತಂದವನು ಕೂಡ, "ಒಸಿ ವೈಟ್ ಸಿಮೆಂಟ್ ಮೆತ್ತುಸ್ಬುಡಿ ಅಕ್ಕ, ಇಲ್ದಿದ್ರೆ ಇರುವೆ ಸೇರ್ಕತವೆ" ಎಂದು ಬಿಟ್ಟಿ ಸಲಹೆ ಕೊಟ್ಟು ಹೋದ. ಮೆತ್ತಿಸುವುದಿಲ್ಲ. ಈ ಮನೆಯಲ್ಲಿ ನಾವು ಇಷ್ಟು ವರ್ಷಕ್ಕೆ ಹೊಡೆದದ್ದು ಒಂದೇ ಮೊಳೆ. ಅದು ದಸರೆಗೆ ಬಂದು ಸಂಕ್ರಾಂತಿಗೆ ಹೋಯಿತು. ಬಂದು ಹೋದದ್ದಕ್ಕೆ ಒಂದು ಗುರುತಾದರೂ ಇರಲಿ ಎಂದು ಬಿಟ್ಟಿದ್ದೇನೆ.

ಆ ಮೊಳೆಯ ಕತೆ ಹೇಳಬೇಕಾದರೆ ಕಂಪ್ಯೂಟರಿನೊಳಗಿನ ಒಂದು ಫೋಲ್ಡರಿನ ಕತೆ ಹೇಳಬೇಕು. ಗಾಬರಿಯಾಗಬೇಡಿ. ನಮ್ಮವ್ವನಿಗೆ ಅರ್ಥವಾಗಿದೆ ಎಂದ ಮೇಲೆ ನಿಮಗೂ ಆಗುತ್ತದೆ. ಆದರೆ ಅದಕ್ಕೂ ಮೊದಲು ನಮ್ಮ ಮನೆಯ ಗೂಡಿನ ವಿಷಯ ಒಂದಿಷ್ಟು.

ಸರಸ್ವತಿಪುರಂನ ಈ ಮನೆಯನ್ನು ಅಪ್ಪ ಬಾಡಿಗೆಗೆ ಹಿಡಿದಾಗ ನನಗಿನ್ನೂ ಶಾಲೆಗೆ ಹೋಗುವ ವಯಸ್ಸಾಗಿರಲಿಲ್ಲ. ನಂಜನಗೂಡಿನ ಕಡೆಯ ಹಳ್ಳಿಯಲ್ಲಿ ಅಣ್ಣತಮ್ಮಂದಿರು ಹಂಚಿಕೊಂಡು ಉಳಿದ ತುಂಡು ಹೊಲವನ್ನು ದೊಡ್ಡಪ್ಪನಿಗೇ ಬಿಟ್ಟು, ಮೈಸೂರಿನ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿತೆಂದು ಟ್ರಂಕು ಹೊತ್ತುಕೊಂಡು ಬಂದ. ಸದ್ಯಕ್ಕೆ ಇರಲಿ ಎಂದು ಹಿಡಿದ ಮನೆ. ಎದುರಿಗೆ ಟ್ಯುಟೋರಿಯಲ್ ಬಂತು, ಅದರ ತಲೆಯ ಮೇಲೆ ಪಿಜಿ ಬಂತು, ಪಕ್ಕದ ಇಡ್ಲಿ ಹೋಟೆಲು ಬೋರ್ಡು ಬದಲಾಯಿಸಿಕೊಂಡು ಕೆಫೆಯಾಯಿತು. ನಾವು ಸದ್ಯಕ್ಕೆ ಇಲ್ಲೇ ಇದ್ದೇವೆ.

ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಗೂಡು. ಹಿಂದಿನವರು ದೀಪ ಇಡಲು ಬಿಟ್ಟದ್ದು. ಅವ್ವನ ಆಡಳಿತದಲ್ಲಿ ಅದು ಎಲ್ಲಿಡಬೇಕೆಂದು ಗೊತ್ತಾಗದ್ದನ್ನೆಲ್ಲ ಇಡುವ ಜಾಗವಾಯಿತು. "ಸದ್ಯಕ್ಕೆ ಗೂಡಲ್ಲಿ ಮಡಗು ಕಣವ್ವ, ಆಮ್ಯಾಕೆ ನೋಡ್ಕಳವ." ನನ್ನ ಬಾಲ್ಯದ ಅರ್ಧ ಈ ಮಾತಿನಲ್ಲೇ ಕಳೆಯಿತು. ಮುರಿದ ಬಳೆ, ಚಪ್ಪಲಿಯ ಬಕಲು, ಬೀಗ ಕಳೆದುಹೋದ ಬೀಗದ ಕೈ, ಅರ್ಧ ಉರಿದ ಮೇಣದ ಬತ್ತಿ, ಯಾರದೋ ಮದುವೆಯ ತಾಂಬೂಲದ ಅಡಿಕೆ, ನನ್ನ ಮೊದಲು ಬಿದ್ದ ಹಾಲುಹಲ್ಲು. ಹಲ್ಲನ್ನು ಸೂರಿನ ಮೇಲೆ ಎಸೆಯಬೇಕಂತೆ. ಅವತ್ತು ಮಳೆ ಹಿಡಿದಿತ್ತು, ಸದ್ಯಕ್ಕೆ ಗೂಡಲ್ಲಿಟ್ಟೆವು. ಈಗಲೂ ಅಲ್ಲೇ ಎಲ್ಲೋ ಇರಬೇಕು. ಆ ಗೂಡಿಗೆ ಹೋದದ್ದು ತಿರುಗಿ ಬಂದದ್ದನ್ನು ಕಳೆದ ದಸರೆಯ ತನಕ ನಾನು ಕಂಡಿರಲಿಲ್ಲ, ಎಸೆದದ್ದನ್ನೂ ಕಂಡಿಲ್ಲ.

ಅಪ್ಪ ಆ ಕಚೇರಿಯಲ್ಲಿ ಹಂಗಾಮಿ ನೌಕರ. ಹಂಗಾಮಿ ಎಂದರೆ ಇವತ್ತು ಕೆಲಸ ಇದೆ, ನಾಳೆಯದು ನಾಳೆ ನೋಡೋಣ. ಖಾಯಂ ಎಂದರೆ ಸಾಯುವ ತನಕ ಇದೆ, ಸತ್ತ ಮೇಲೂ ಹೆಂಡತಿಗೆ ಒಂದಿಷ್ಟು ಬರುತ್ತದೆ. ಪ್ರತಿ ವರ್ಷ ದಸರೆ ಹತ್ತಿರ ಬಂದಾಗ, "ಈ ಸಲ ಹಬ್ಬ ಮುಗಿದ ಮೇಲೆ ಖಾಯಂ ಮಾಡ್ತಾರಂತೆ" ಎಂಬ ಸುದ್ದಿ ಅಪ್ಪನ ಟಿಫನ್ ಕ್ಯಾರಿಯರಿನ ಜೊತೆ ಮನೆಗೆ ಬರುತ್ತಿತ್ತು. ಹಬ್ಬ ಮುಗಿಯುತ್ತಿತ್ತು, ಸುದ್ದಿಯೂ ಮುಗಿಯುತ್ತಿತ್ತು. ಅಪ್ಪ ಮಾತ್ರ ಮಾರನೆಯ ದಿನ ಅದೇ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಡುತ್ತಿದ್ದ.

ನಮ್ಮ ಮನೆಯ ಎಷ್ಟೋ ಕೆಲಸಗಳು ಆ ಒಂದು ಮಾತಿಗೆ ಕಾಯುತ್ತ ನಿಂತಿದ್ದವು. ಅವುಗಳಲ್ಲಿ ಮೊಳೆಯೂ ಒಂದು. ಮೊಳೆ ಹೊಡೆಯಬೇಡಿ ಎಂದು ಮನೆಯ ಮಾಲೀಕರು ಯಾವತ್ತೂ ಹೇಳಿರಲಿಲ್ಲ. ಹೇಳಿದವಳು ಅವ್ವ. "ಬಾಡ್ಗೆ ಮನೆ ಗ್ವಾಡೆಗೆ ಮೊಳೆ ಯಾಕೆ? ನಿಮ್ಮಪ್ಪಂದು ಖಾಯಮ್ಮಾಗ್ಲಿ, ಸ್ವಂತ ಮನೆ ಗ್ವಾಡೆಗೇ ಹೊಡಿಯವ." ಹಾಗಾಗಿ ನಮ್ಮ ಕ್ಯಾಲೆಂಡರು ಕಿಟಕಿಯ ಸರಳಿಗೆ ದಾರದಲ್ಲಿ ಕಟ್ಟಿಸಿಕೊಂಡು ಗಾಳಿ ಬಂದಾಗೆಲ್ಲ ತಿಂಗಳು ತಿರುಗಿಸಿಕೊಳ್ಳುತ್ತಿತ್ತು. ಜೂನ್ ತಿಂಗಳಲ್ಲಿ ಡಿಸೆಂಬರು ತೋರಿಸುತ್ತಿದ್ದ ಮನೆ ನಮ್ಮದು. ನನಗೆ ಶಾಲೆಯಲ್ಲಿ ಚಿತ್ರಕ್ಕೆ ಬಹುಮಾನ ಬಂದಾಗ ಅದನ್ನು ತೂಗು ಹಾಕಬೇಕೆಂದು ರಂಪ ಮಾಡಿದ್ದೆ. ಚಿತ್ರ ಸುರುಳಿ ಸುತ್ತಿಸಿಕೊಂಡು ಗೂಡಿಗೆ ಹೋಯಿತು.

ಒಂದು ವರ್ಷ ಅಪ್ಪನ ವಿಭಾಗವನ್ನೇ ಮುಚ್ಚಿದರು. ಖಾಯಂ ಇದ್ದವರನ್ನು ಬೇರೆ ಕಡೆಗೆ ಹಾಕಿ ಶಾಲು ಹಣ್ಣು ಕೊಟ್ಟು ಕಳಿಸಿಕೊಟ್ಟರಂತೆ. ಅಪ್ಪ ಟಿಫನ್ ಕ್ಯಾರಿಯರನ್ನೂ, ಕಚೇರಿಯಲ್ಲಿಟ್ಟುಕೊಂಡಿದ್ದ ತನ್ನ ನೀರಿನ ಲೋಟವನ್ನೂ ಹಿಡಿದುಕೊಂಡು ಬಂದ. ಲೋಟ ಗೂಡಲ್ಲಿಟ್ಟು, "ಸದ್ಯಕ್ಕೆ ಇಲ್ಲಿರ್ಲಿ. ತಿರ್ಗಾ ಕರೀತಾರೆ, ಆಗ ತಕ್ಕಂಡ್ ಹೋದ್ರಾಯ್ತು" ಅಂದ. ಕರೆಯಲಿಲ್ಲ. ಆಮೇಲೆ ಅಲ್ಲಿ ಇಲ್ಲಿ ದುಡಿದ, ತೀರಿಹೋದ. ಅವನ ಫೋಟೋಗೆ ಕಟ್ಟು ಹಾಕಿಸಿ ತಂದಾಗಲೂ ಅವ್ವ ಮೊಳೆಯ ಮಾತೆತ್ತಲಿಲ್ಲ. "ನಿಂದಾದ್ರೂ ಖಾಯಮ್ಮಾಗ್ಲಿ" ಅಂದಳು. ಅಪ್ಪ ಗೂಡಿನಲ್ಲಿ ತನ್ನ ಲೋಟದ ಪಕ್ಕ ಕೂತ.

ಆಗ ನಾನು ಕೆಲಸಕ್ಕೆ ಸೇರಿಯಾಗಿತ್ತು. ಯಾದವಗಿರಿಯಲ್ಲಿ ಒಂದು ಹಳೆಯ ಬಂಗಲೆ. ಔಷಧಿ ಅಂಗಡಿಯವರು ದಾಸ್ತಾನು ನೋಡಿಕೊಳ್ಳುವುದಕ್ಕೆ ಮೊಬೈಲಿನಲ್ಲಿ ಬಳಸುವ ಒಂದು ಆಪು ಮಾಡುವ ಸಣ್ಣ ಕಂಪನಿ ಅಲ್ಲಿದೆ. ಸಪೋಟ ಮರ, ಮೊಸಾಯಿಕ್ ನೆಲ, ಕಾಂಪೌಂಡಿನ ಮೇಲೆ ಬೆಕ್ಕು. ಮ್ಯಾನೇಜರು ಶ್ರೀಕಂಠ ಸರ್ ಮೊದಲ ದಿನವೇ ನಗುನಗುತ್ತಾ ಹೇಳಿದ್ದರು: "ಮಂಗಳಾ ಅವ್ರೇ, ಸದ್ಯಕ್ಕೆ ಕಾಂಟ್ರ್ಯಾಕ್ಟಲ್ಲಿ ಸೇರ್ಕೊಳ್ಳಿ. ಆರು ತಿಂಗಳಲ್ಲಿ ಖಾಯಂ ಮಾಡ್ಸೋಣ." ನಾನು ಆ ಮಾತನ್ನು ಎಲ್ಲೋ ಕೇಳಿದ್ದೇನಲ್ಲ ಎಂದು ಆಗ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಖಾಯಂ ಇದ್ದವರ ಕೊರಳಿನ ಕಾರ್ಡಿಗೆ ನೀಲಿ ಲೇಸು, ನಮ್ಮಂಥವರಿಗೆ ಕಿತ್ತಳೆ ಬಣ್ಣದ್ದು. ಆರು ತಿಂಗಳಿಗೊಮ್ಮೆ ಕಾಂಟ್ರ್ಯಾಕ್ಟು ಮುಂದೆ ಹಾಕಿ ಹಾಕಿ ನನ್ನ ತಲೆಗೂದಲು ಬೆಳ್ಳಗಾಯಿತು, ಲೇಸು ಕಿತ್ತಳೆಯೇ ಉಳಿಯಿತು. ಮದುವೆ ಏಕೆ ಆಗಲಿಲ್ಲ ಎಂದು ಕೇಳಬೇಡಿ. ಅದೂ ಖಾಯಂ ಆದ ಮೇಲೆ ಎಂಬ ಪಟ್ಟಿಯಲ್ಲೇ ಇತ್ತು.

ನನ್ನ ಕೆಲಸ ಬಿಲ್ಡ್ ನೋಡಿಕೊಳ್ಳುವುದು. ಬೇರೆ ಬೇರೆಯವರು ಬರೆದ ಪ್ರೋಗ್ರಾಮಿನ ತುಂಡುಗಳನ್ನೆಲ್ಲ ಒಂದು ಮಶೀನಿನಲ್ಲಿ ಸೇರಿಸಿ, ನಿಮ್ಮ ಮೊಬೈಲಿನಲ್ಲಿ ಓಡುವಂಥ ಒಂದೇ ಪದಾರ್ಥ ಮಾಡಿ ಕೊಡುವುದಕ್ಕೆ ಬಿಲ್ಡ್ ಎನ್ನುತ್ತಾರೆ. ಹಬ್ಬದಡುಗೆ ಇದ್ದ ಹಾಗೆ. ಅಡುಗೆ ಮಾಡುವಾಗ ಹೆಚ್ಚಿದ ತರಕಾರಿಗೆ ಒಂದು ತಟ್ಟೆ, ರುಬ್ಬಿದ ಮಸಾಲೆಗೆ ಒಂದು ಬಟ್ಟಲು, ಸಿಪ್ಪೆಗೊಂದು ಮೊರ ಬೇಕಲ್ಲವೇ? ಬಿಲ್ಡ್ ಮಾಡುವಾಗಲೂ ಅರ್ಧಂಬರ್ಧ ಆದದ್ದನ್ನು ಇಟ್ಟುಕೊಳ್ಳಲು ಮಶೀನಿಗೆ ಒಂದು ಜಾಗ ಬೇಕು. ಅದೇ ಟೆಂಪ್ ಫೋಲ್ಡರು. ಕೆಲಸ ಮುಗಿದ ಮೇಲೆ ಅಲ್ಲಿರುವುದೆಲ್ಲ ಕಸ. ಇದು ಗೊತ್ತಿದ್ದೇ ಬ್ಯಾಕಪ್ ತೆಗೆಯುವಾಗ ಆ ಫೋಲ್ಡರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮ ಮಶೀನಿನಲ್ಲಂತೂ ಬಿಲ್ಡ್ ಬೇಗ ಆಗಲಿ ಎಂದು ಅದನ್ನು ಡಿಸ್ಕಿನ ಬದಲು ಮೆಮೊರಿಯಲ್ಲೇ ಇಟ್ಟಿದ್ದರು. ಕರೆಂಟು ಇರುವ ತನಕ ಇರುತ್ತದೆ, ಆರಿಸಿದರೆ ಅದರೊಳಗಿನದೆಲ್ಲ ಹೋಗುತ್ತದೆ.

ಬಿಲ್ಡ್ ಕೆಟ್ಟರೆ ಹತ್ತರಲ್ಲಿ ಆರು ಸಲ ಮೂಲ ಅಲ್ಲೇ ಇರುತ್ತದೆ. ಆದರೆ ಯಾರೂ ಮೊದಲು ಅಲ್ಲಿ ನೋಡುವುದಿಲ್ಲ. ನಮ್ಮಲ್ಲಿ ನಂಜುಂಡ ಸ್ವಾಮಿ ಎಂಬ ಇಂಜಿನಿಯರು ಇದ್ದಾರೆ, ನೀಲಿ ಲೇಸು. ಅವರು ಹೊಸದಾಗಿ ಬಂದಾಗ ಎಲ್ಲರ ಕಂಪ್ಯೂಟರಿನಲ್ಲೂ ಆಗುವ ಬಿಲ್ಡು ಅವರದರಲ್ಲಿ ಮಾತ್ರ ಆಗುತ್ತಿರಲಿಲ್ಲ. ಅವರು ಕುರ್ಚಿಯನ್ನು ಪೂರ್ವಕ್ಕೆ ತಿರುಗಿಸಿ ನೋಡಿದರು. ಚಾಮುಂಡಿ ಬೆಟ್ಟಕ್ಕೆ ಮೆಟ್ಟಿಲು ಹತ್ತಿ ಹೋಗಿ ಬಂದು, ಪ್ರಸಾದದ ಹೂವನ್ನು ಕೀಬೋರ್ಡಿನ ಪಕ್ಕ ಇಟ್ಟರು. ನಾನು ಹೋಗಿ ನೋಡಿದರೆ ಅವರ ಟೆಂಪ್ ಫೋಲ್ಡರು ಅವರ ಹೆಸರಿನಡಿಯಲ್ಲೇ ಇತ್ತು, ಹೆಸರನ್ನು ನಡುವೆ ಜಾಗ ಬಿಟ್ಟು ಬರೆದಿದ್ದರು. ನಮ್ಮ ಹಳೆಯ ಬಿಲ್ಡ್ ಸಾಫ್ಟ್‌ವೇರು ನಂಜುಂಡ ಎನ್ನುವ ತನಕ ಬಂದು ಅಲ್ಲಿಗೇ ದಾರಿ ಮುಗಿಯಿತೆಂದು ನಿಂತುಬಿಡುತ್ತಿತ್ತು. ಟೆಂಪ್ ಫೋಲ್ಡರನ್ನು ಬೇರೆ ಕಡೆ ಇಟ್ಟುಕೊಟ್ಟೆ, ಸರಿಹೋಯಿತು. "ತಾಯಿ ಕೈಬಿಡ್ಲಿಲ್ಲ ನೋಡಿ" ಅಂದರು. ನನ್ನ ಹೆಸರು ಬರಲಿಲ್ಲ. ಇರಲಿ, ದೇವಿಯ ಜೊತೆ ಪೈಪೋಟಿಗೆ ನಿಲ್ಲುವಷ್ಟು ದೊಡ್ಡವಳಲ್ಲ ನಾನು.

ಇನ್ನೊಂದು ಸಲ ಫೋಲ್ಡರು ತುಂಬಿ ತುಳುಕಿ ಬಿಲ್ಡ್ ನಿಂತಿತು. ಒಳಗೆ ನೋಡಿದರೆ ಯಾರದೋ ಮಗಳ ನಾಮಕರಣದ ವಿಡಿಯೋ. ಕೇಳಿದರೆ, "ಸದ್ಯಕ್ಕೆ ಅಲ್ಲಿಟ್ಟಿದ್ದೆ ಕಣ್ರೀ." ಮಗು ಅಷ್ಟು ಹೊತ್ತಿಗೆ ಶಾಲೆಗೆ ಹೋಗುತ್ತಿತ್ತು. ಅಂದಿನಿಂದ ಶುಕ್ರವಾರ ಬೆಳಿಗ್ಗೆ ನಾನು ಆ ಫೋಲ್ಡರನ್ನು ಗುಡಿಸಿ, ಅಲ್ಲಿ ಏನಿದೆ ಎಂದು ಒಂದೊಂದನ್ನೂ ನೋಡಿ, ಬೇಡದ್ದನ್ನು ಅಳಿಸುವುದು ವಾಡಿಕೆಯಾಯಿತು. ಯಾರೂ ಹೇಳಿದ ಕೆಲಸವಲ್ಲ. ಮನೆಯಲ್ಲಿ ಆ ಗೂಡಿನ ತಂಟೆಗೆ ಹೋಗಲಾಗದ ಸಿಟ್ಟನ್ನು ಇಲ್ಲಿ ತೀರಿಸಿಕೊಳ್ಳುತ್ತಿದ್ದೆ ಎಂದರೂ ಸರಿಯೇ.

ಹಾಗೆ ಗುಡಿಸುವಾಗಲೇ ಕಂಡದ್ದು ಮೊಹರು. ಆಪು ತಯಾರಾದ ಮೇಲೆ ಕೊನೆಗೆ ಅದರ ಮೇಲೆ ಕಂಪನಿಯ ಮೊಹರು ಒತ್ತಬೇಕು. ಅದೊಂದು ಪುಟ್ಟ ಫೈಲು. ಅದು ಕಳೆದುಹೋದರೆ ಹೊಸದನ್ನು ಮಾಡಿಸಬಹುದು, ಆದರೆ ಜನರ ಮೊಬೈಲಿನಲ್ಲಿರುವ ಆಪು ಹೊಸ ಮೊಹರನ್ನು ತನ್ನದೆಂದು ಒಪ್ಪುವುದಿಲ್ಲ. ಅಷ್ಟೂ ಅಂಗಡಿಯವರ ಕೈಕಾಲು ಹಿಡಿದು ಹಳೆಯದನ್ನು ತೆಗೆಸಿ ಹೊಸದನ್ನು ಹಾಕಿಸಬೇಕು. ತಾಳಿಯನ್ನು ಬಿಚ್ಚಿ ಸಿಪ್ಪೆಯ ಮೊರದಲ್ಲಿ ಯಾರಾದರೂ ಇಡುತ್ತಾರೆಯೇ? ಇಟ್ಟಿದ್ದರು. ಇಟ್ಟವರು ಶ್ರೀಕಂಠ ಸರ್, ಅವರಿನ್ನೂ ಇಂಜಿನಿಯರಾಗಿದ್ದ ಕಾಲದಲ್ಲಿ. "ಸರ್, ಮಶೀನು ಆರಿದರೆ ಇದು ಹೋಗುತ್ತೆ, ಬೇರೆ ಕಡೆ ಇಡೋಣ" ಎಂದು ಎಷ್ಟು ಸಲ ಹೇಳಿದೆನೋ. "ಇಷ್ಟ್ ವರ್ಷದಲ್ಲಿ ಯಾವತ್ತಾದ್ರೂ ಆರಿದೆಯೇನ್ರೀ? ಯುಪಿಎಸ್ ಇದೆ, ಜನರೇಟರ್ ಇದೆ. ಈಗ ಜಾಗ ಬದಲಾಯಿಸಿದ್ರೆ ಎಲ್ಲಾ ಕಡೆ ಬದಲಾಯಿಸ್ಬೇಕು. ಸದ್ಯಕ್ಕಿರ್ಲಿ ಬಿಡ್ರಿ." ನಾನು ಸದ್ಯಕ್ಕೆ ಎಂಬ ಮಾತಿನ ಮನೆಯಲ್ಲಿ ಬೆಳೆದವಳು. ಹೆದರಿಕೆಯಾಗಿ ಅದರ ಒಂದು ಪ್ರತಿಯನ್ನು ಅದೇ ಮಶೀನಿನ ಡಿಸ್ಕಿನಲ್ಲಿ ನನ್ನ ಹೆಸರಿನಡಿ ಒಂದು ಫೋಲ್ಡರು ಮಾಡಿ ಇಟ್ಟುಕೊಂಡೆ. ಫೋಲ್ಡರಿಗೆ 'ಅವ್ವ' ಎಂದು ಹೆಸರಿಟ್ಟೆ. ಏಕೆಂದು ಕೇಳಿದರೆ ಆಗ ನನಗೇ ಗೊತ್ತಿರಲಿಲ್ಲ.

ಇನ್ನು ಆ ಮಶೀನು ಎಲ್ಲಿತ್ತೆಂದರೆ, ದೇವರ ಮನೆಯಲ್ಲಿ. ಬಂಗಲೆಯಲ್ಲಿ ಕಿಟಕಿಯಿಲ್ಲದ ಕೋಣೆ ಅದೊಂದೇ, ಎಸಿ ತಣ್ಣಗೆ ನಿಲ್ಲುತ್ತದೆ. ಹೊಸ್ತಿಲಿಗೆ ಹಿತ್ತಾಳೆ ಪಟ್ಟಿ, ಬಾಗಿಲ ಮೇಲೆ ಸಾಲು ಗಂಟೆ. ಶ್ರೀಕಂಠ ಸರ್ ಅಲ್ಲಿಗೆ ಹೋಗುವಾಗ ಶೂ ಬಿಚ್ಚುತ್ತಿದ್ದರು, ಅಭ್ಯಾಸವಂತೆ. ಆಯುಧಪೂಜೆಗೆ ಪ್ರತಿ ವರ್ಷ ಓಡುತ್ತಿರುವ ಮಶೀನಿಗೇ ಒಂದು ಬೊಟ್ಟು ಕುಂಕುಮ ಇಟ್ಟು, ಊದುಬತ್ತಿ ತೋರಿಸಿ, ಬಾಗಿಲಿಗೆ ಬೂದುಗುಂಬಳ ಒಡೆದು, ಕಡ್ಲೆಪುರಿ ಹಂಚಿ ಮುಗಿಸುತ್ತಿದ್ದೆವು. ಕಳೆದ ದಸರೆಯಲ್ಲಿ ಶ್ರೀಕಂಠ ಸರ್‌ಗೆ ಭಕ್ತಿ ಸ್ವಲ್ಪ ಹೆಚ್ಚಾಯಿತು. "ನಮ್ಮ ತಾತನ ಕಾಲದಲ್ಲಿ ಪೂಜೆಗಿಟ್ಟ ನೇಗಿಲನ್ನ ವಿಜಯದಶಮಿ ತನಕ ಮುಟ್ತಿರಲಿಲ್ಲ. ನಾವು ಓಡೋ ಮಶೀನಿಗೆ ಪೂಜೆ ಮಾಡೋದು ಯಾವ ಶಾಸ್ತ್ರ ಕಣ್ರೀ? ವರ್ಷಕ್ಕೊಂದ್ಸಲ ಅದಕ್ಕೂ ವಿಶ್ರಾಂತಿ ಬೇಡ್ವಾ?" ಅಂದರಂತೆ. ನಾನು ಅವತ್ತು ಅವ್ವನ ಜೊತೆ ಮನೆಯಲ್ಲಿದ್ದೆ, ಪೂಜೆಗೆ ಖಾಯಂ ಇದ್ದವರಷ್ಟೇ ಬಂದರೆ ಸಾಕು ಎಂದಿದ್ದರು. ಶ್ರೀಕಂಠ ಸರ್ ತಮ್ಮ ಕೈಯಾರೆ ಮಶೀನು ಆರಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ವಿಭೂತಿ ಎಳೆದು, ಚೆಂಡುಹೂವಿನ ಹಾರ ಹಾಕಿ, ಬಾಗಿಲು ಮುಚ್ಚಿಕೊಂಡು ಹೋದರಂತೆ. ಮಾರನೆಯ ದಿನ ಊರಿಗೆ ಊರೇ ಜಂಬೂಸವಾರಿ ನೋಡುತ್ತಿದ್ದಾಗ, ಬನ್ನಿಮಂಟಪದಲ್ಲಿ ಪಂಜಿನ ಕವಾಯತು ನಡೆಯುತ್ತಿದ್ದಾಗ, ನಮ್ಮ ಮಶೀನು ದೇವರ ಮನೆಯಲ್ಲಿ ತಣ್ಣಗೆ ವಿಶ್ರಾಂತಿ ತೆಗೆದುಕೊಳ್ಳುತ್ತಿತ್ತು.

ರಜೆ ಮುಗಿದು ನಾನು ಹೋಗುವಷ್ಟರಲ್ಲಿ ಬಂಗಲೆಯಲ್ಲಿ ಸೂತಕದ ಕಳೆ. ಸಂಜೆಯೊಳಗೆ ಆಪಿನ ಹೊಸ ಆವೃತ್ತಿ ಅಂಗಡಿಗಳಿಗೆ ಹೋಗಬೇಕು, ಬಿಲ್ಡ್ ಆಗುತ್ತಿಲ್ಲ. ಒಬ್ಬರು ಕುಂಕುಮ ಫ್ಯಾನಿನೊಳಗೆ ಹೋಗಿದೆ ಎಂದರು. ಇನ್ನೊಬ್ಬರು ಆಂಟಿವೈರಸ್ಸು ಎಂದರು. ನಂಜುಂಡ ಸ್ವಾಮಿಯವರು ಬೂದುಗುಂಬಳ ಒಂದೇ ಏಟಿಗೆ ಒಡೆಯಲಿಲ್ಲ, ಆಗಲೇ ನನಗೆ ಅನುಮಾನ ಬಂತು ಎಂದರು. ನಾನು ಕೂತು ಮಶೀನು ಏನು ದೂರುತ್ತಿದೆ ಎಂದು ಓದಿದೆ. ಟೆಂಪ್‌ನಲ್ಲಿರಬೇಕಾದ ಒಳಫೋಲ್ಡರು ಇಲ್ಲ ಎನ್ನುತ್ತಿತ್ತು. ಇಷ್ಟೇನಾ ಎಂದು ಅದನ್ನು ಹೊಸದಾಗಿ ಮಾಡಿಕೊಟ್ಟೆ. ಬಿಲ್ಡ್ ಮುಂದಕ್ಕೆ ಹೋಯಿತು, ಎಲ್ಲರೂ ಉಸಿರುಬಿಟ್ಟರು. ಕೊನೆಯ ಹಂತಕ್ಕೆ ಬಂದು ಮತ್ತೆ ನಿಂತಿತು. ಮೊಹರು ಸಿಗುತ್ತಿಲ್ಲ. "ಸರ್, ಮಶೀನನ್ನ ಯಾರಾದ್ರೂ ಆರಿಸಿದ್ರಾ?" ಅಂದೆ. ಶ್ರೀಕಂಠ ಸರ್ ಹಣೆಯ ಕುಂಕುಮ ಬೆವರಿನಲ್ಲಿ ಮೂಗಿನ ತನಕ ಇಳಿದಿತ್ತು.

ಬ್ಯಾಕಪ್ ತೆಗೆದು ನೋಡಿದರು. ಕಂಪನಿ ಹುಟ್ಟಿದಾಗಿನ ಕ್ಯಾಂಟೀನಿನ ಮೆನು ಕೂಡ ಇತ್ತು, ಮೊಹರು ಇರಲಿಲ್ಲ. ಶ್ರೀಕಂಠ ಸರ್ ನನ್ನ ಕುರ್ಚಿಯ ಹತ್ತಿರ ಬಂದು, ಇಷ್ಟು ವರ್ಷದಲ್ಲಿ ಎಂದೂ ಕೇಳದ ದನಿಯಲ್ಲಿ, "ಎಲ್ಲಾದ್ರೂ ಒಂದ್ ಕಾಪಿ ಇರ್ಬೇಕಲ್ವಾ ಮಂಗಳಾ ಅವ್ರೇ?" ಅಂದರು. ಮನುಷ್ಯ ಅಳುವುದೊಂದು ಬಾಕಿ. ನಾನು 'ಅವ್ವ' ಫೋಲ್ಡರನ್ನು ತೆರೆದು ತೋರಿಸಿದೆ. ಸಂಜೆ ಕಾಫಿಯ ಹೊತ್ತಿಗೆ ಬಿಲ್ಡ್ ಆಯಿತು. ಯಾರೋ ಚಪ್ಪಾಳೆ ಹೊಡೆದರು. ಶ್ರೀಕಂಠ ಸರ್ ಎಲ್ಲರ ಎದುರಿಗೇ, "ನೀವಿಲ್ದಿದ್ರೆ ಇವತ್ತು ನಮ್ಮ ಮಾನ ಹೋಗ್ತಿತ್ತು. ಈ ಸಲ ನಿಮ್ಮದು ಖಾಯಂ ಅಂತಾನೇ ತಿಳ್ಕೊಳಿ" ಅಂದರು.

ತಿಳಿದುಕೊಂಡೆ. ದಾರಿಯಲ್ಲಿ ಮೈಸೂರುಪಾಕು ಕಟ್ಟಿಸಿಕೊಂಡು ಮನೆಗೆ ಹೋಗಿ ಅವ್ವನಿಗೆ ಹೇಳಿದೆ. ಅವ್ವ ಎರಡು ಸಲ ಕೇಳಿದಳು. "ನಿಜ್ವಾಗ್ಲೂ ಖಾಯಮ್ಮು ಅಂದ್ಬುಟ್ರಾ? ಬಾಯ್ಬುಟ್ಟು ಅಂದ್ರಾ?" ಅಂದರು ಅಂದೆ. ಅವ್ವ ಮೈಸೂರುಪಾಕು ಮುಟ್ಟಲಿಲ್ಲ. ನೇರ ಗೂಡಿಗೆ ಹೋಗಿ ತಡಕಾಡಿ, ಎಂದೋ ಎತ್ತಿಟ್ಟಿದ್ದ ಒಂದು ಮೊಳೆ ತೆಗೆದಳು. ಆ ಗೂಡಿನಿಂದ ಒಂದು ಪದಾರ್ಥ ಹೊರಗೆ ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ಕುಟ್ಟಾಣಿಯ ಗುಂಡಿನಲ್ಲಿ ಗೋಡೆಗೆ ಹೊಡೆದಳು. ಹಳೆಯ ಗಾರೆ, ಮೊಳೆ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಅಪ್ಪನ ಫೋಟೋ ಸೆರಗಿನಲ್ಲಿ ಒರೆಸಿ ತೂಗು ಹಾಕಿ, ಹಿಂದಕ್ಕೆ ಸರಿದು ನಿಂತು, "ಸ್ವಂತ ಮನೆ ಗ್ವಾಡೆ ಅಲ್ದೆ ಹೋದ್ರೂ ಆಯ್ತದೆ ಬುಡು" ಅಂದಳು. ಆಮೇಲೆ ಕೂತು ಅತ್ತಳು. ನಾನೂ ಅತ್ತೆ. ಎಷ್ಟು ಸುಖವಾಗಿತ್ತು ಎಂದು ಈಗ ನೆನೆದರೆ ಮೈ ಉರಿಯುತ್ತದೆ.

ದೀಪಾವಳಿ ಕಳೆದ ಮೇಲೆ ಹೊರಗಿನಿಂದ ಇಬ್ಬರು ತಪಾಸಣೆಗೆ ಬಂದರು. ಕಂಪನಿಯ ಮಶೀನುಗಳಲ್ಲಿ ಏನೇನಿದೆ, ಭದ್ರವಾಗಿದೆಯೇ ಎಂದು ನೋಡುವುದು ಅವರ ಕೆಲಸ. ಒಬ್ಬರು ನನ್ನನ್ನು ಕರೆದು ಕೂರಿಸಿ, "ಮೇಡಂ, ಈ 'ಅವ್ವ' ಅನ್ನೋದು ಯಾವ ಪ್ರಾಜೆಕ್ಟು?" ಅಂದರು.

"ಪ್ರಾಜೆಕ್ಟಲ್ಲ ಸರ್, ನಮ್ಮವ್ವ."

ಅವರು ನಗಲಿಲ್ಲ. "ಇದ್ರಲ್ಲಿ ಕಂಪನಿ ಮೊಹರಿನ ಕಾಪಿ ಇದೆ. ನಿಮ್ಮ ಸ್ವಂತ ಫೋಲ್ಡರಲ್ಲಿ ಇಟ್ಕೊಳ್ಳೋಕೆ ಯಾರ ಅನುಮತಿ ತಗೊಂಡಿದ್ರಿ?"

"ಅದು ಟೆಂಪ್ ಫೋಲ್ಡರಲ್ಲಿತ್ತು ಸರ್. ಅಲ್ಲಿಡೋಕೆ ಯಾರು ಅನುಮತಿ ಕೊಟ್ಟಿದ್ರು?"

ಅವರು ಶ್ರೀಕಂಠ ಸರ್ ಕಡೆ ನೋಡಿದರು. ಶ್ರೀಕಂಠ ಸರ್ ಫ್ಯಾನಿನ ಕಡೆ ನೋಡಿದರು. ಟೆಂಪ್ ಫೋಲ್ಡರಿನಲ್ಲಿ ಏನಿತ್ತು ಎನ್ನುವುದಕ್ಕೆ ಗುರುತೇ ಉಳಿಯುವುದಿಲ್ಲ, ಅದರ ಗುಣವೇ ಅದು. ಉಳಿದಿದ್ದ ಗುರುತು 'ಅವ್ವ' ಒಂದೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಹಾಗಾಯಿತು. ಮೊಹರನ್ನು ಕಸದಲ್ಲಿಟ್ಟವರದು ತಪ್ಪಾಗಲಿಲ್ಲ, ಕಸದಿಂದೆತ್ತಿ ಜೋಪಾನ ಮಾಡಿದ್ದು ತಪ್ಪಾಯಿತು.

ಆ ವಾರದ ಕೊನೆಗೆ ಶ್ರೀಕಂಠ ಸರ್ ನನ್ನನ್ನು ಸಪೋಟ ಮರದ ಕೆಳಗೆ ಕರೆದುಕೊಂಡು ಹೋದರು. ಕೆಟ್ಟ ಮಾತುಗಳನ್ನು ಅವರು ಒಳಗೆ ಆಡುವುದಿಲ್ಲ. "ನಾನು ಎಷ್ಟೋ ಹೇಳ್ದೆ ಕಣ್ರೀ. ಮೇಲಿನವ್ರು ಒಪ್ತಿಲ್ಲ. ಕಾಂಟ್ರ್ಯಾಕ್ಟು ಮುಂದುವರ್ಸೋದು ಕಷ್ಟ. ಸದ್ಯಕ್ಕೆ ಮನೇಲಿರಿ, ಗಾಳಿ ತಣ್ಣಗಾಗ್ಲಿ, ನೋಡೋಣ." ಖಾಯಂ ಮಾತು ಏನಾಯಿತು ಎಂದು ನಾನು ಕೇಳಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಬೀಳ್ಕೊಡುಗೆ ಇರಲಿಲ್ಲ. ಕಿತ್ತಳೆ ಲೇಸಿನ ಕಾರ್ಡು ಕೊರಳಲ್ಲೇ ಇತ್ತು, ವಾಪಸ್ ಕೇಳಬೇಕೆಂದು ಕೂಡ ಯಾರಿಗೂ ಹೊಳೆಯಲಿಲ್ಲ. ನನ್ನ ಮೇಜಿನ ಮೇಲಿದ್ದ ನೀರಿನ ಬಾಟಲು ಹಿಡಿದುಕೊಂಡು ಬಸ್ಸು ಹತ್ತಿದೆ. ಬಾಟಲಿನ ಮೇಲೆ ಕಣ್ಣು ಬಿದ್ದಾಗ ಅಪ್ಪನ ಲೋಟ ನೆನಪಾಗಿ, ಬಸ್ಸಿನ ಸೀಟಿನ ಮೇಲೆ ಅದನ್ನು ಬೇಕೆಂದೇ ಬಿಟ್ಟಿಳಿದೆ.

ಅವ್ವನಿಗೆ ಏನು ಹೇಳಲಿ ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ, ಹೇಳುವುದು ಬೇಕಾಗಲೇ ಇಲ್ಲ. ಹೊತ್ತಿಗೆ ಮುಂಚೆ ಮನೆಗೆ ಬರುವ ಮುಖವನ್ನು ಅವಳು ಮೊದಲೇ ಒಮ್ಮೆ ನೋಡಿದ್ದಳು. "ಕಾಲ್ ತೊಳ್ಕಂಡ್ ಬಾ, ಮುದ್ದೆ ತಿರುವ್ತೀನಿ" ಅಂದಳು. ಬೆಳಿಗ್ಗೆ ಎದ್ದು ನೋಡಿದರೆ ಅಪ್ಪನ ಫೋಟೋ ಗೂಡಿನಲ್ಲಿತ್ತು. ಬರಿಯ ಮೊಳೆ ನೋಡಲಾಗದೆ ನಾನು ಅದಕ್ಕೆ ಕಿತ್ತಳೆ ಲೇಸಿನ ಕಾರ್ಡು ನೇತು ಹಾಕಿದೆ.

ಆ ದಿನಗಳಲ್ಲಿ ನಾನು ಶ್ರೀಕಂಠ ಸರ್‌ಗೆ ಮನಸ್ಸಿನಲ್ಲೇ ಎಷ್ಟು ಮಾತಾಡಿದೆ ಎಂದರೆ, ಪಾತ್ರೆ ತಿಕ್ಕುವಾಗ, ಬಟ್ಟೆ ಒಣಹಾಕುವಾಗ, ಎದುರಿನ ಟ್ಯುಟೋರಿಯಲ್ ಹುಡುಗರು ನನ್ನನ್ನು ನೋಡಿ ನಗುವಷ್ಟು. ಫೋನು ಬಂದರೆ ಹೇಳಬೇಕಾದ ಮಾತುಗಳನ್ನು ಮಸೆದು ಮಸೆದು ಇಟ್ಟುಕೊಂಡಿದ್ದೆ. ಬೇರೆ ಕಡೆ ಕೆಲಸಕ್ಕೆ ಕೇಳಿದೆ. ಎಲ್ಲರೂ ವಯಸ್ಸು ನೋಡಿ, ಕಾಂಟ್ರ್ಯಾಕ್ಟು ನೋಡಿ, "ಹೇಳಿ ಕಳಿಸ್ತೀವಿ" ಅಂದರು.

ಸಂಕ್ರಾಂತಿಯ ದಿನ ಎಳ್ಳುಬೆಲ್ಲಕ್ಕೆ ಕೊಬ್ಬರಿ ಹೆಚ್ಚುತ್ತಾ ಕೂತಿದ್ದಾಗ ಫೋನು ಬಂತು. "ಹಬ್ಬದ ಶುಭಾಶಯ ಮಂಗಳಾ ಅವ್ರೇ. ಒಂದ್ ಸಣ್ಣ ತೊಂದ್ರೆ. ಬಿಲ್ಡ್ ಆಗ್ತಿಲ್ಲ ಕಣ್ರೀ."

"ಟೆಂಪ್ ಫೋಲ್ಡರು ನೋಡಿದ್ರಾ ಸರ್? ತುಂಬಿರುತ್ತೆ."

"ಹೂಂ, ತುಂಬಿದೆ. ಆದ್ರೆ ಮುಟ್ಟೋಕೆ ಹೆದರಿಕೆ ಕಣ್ರೀ. ಯಾರ್ ಏನಿಟ್ಟಿದಾರೋ, ಏನ್ ಅಳಿಸಿದ್ರೆ ಏನಾಗುತ್ತೋ. ಆರಿಸೋಕಂತೂ ನಾನ್ ಯಾರನ್ನೂ ಬಿಡ್ತಿಲ್ಲ. ನೀವೇ ಬಂದ್ಬಿಡಿ. ಸದ್ಯಕ್ಕೆ ಒಂದ್ ಮೂರು ತಿಂಗಳು."

"ಖಾಯಂ ವಿಷಯ ಸರ್?"

"ಅದನ್ನ ಆಮೇಲೆ ನೋಡೋಣ ಕಣ್ರೀ. ಮೊದ್ಲು ಬಿಲ್ಡ್ ಆಗ್ಲಿ."

ಮಸೆದಿಟ್ಟ ಮಾತುಗಳೆಲ್ಲ ನಾಲಿಗೆಯ ತುದಿಗೆ ಬಂದವು. ಬಂದು, ಅಲ್ಲೇ ಕೂತವು. "ಆಗ್ಲಿ ಸರ್, ಸೋಮವಾರ ಬರ್ತೀನಿ" ಅಂದೆ. ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಅದಕ್ಕಿಂತ ನಾಚಿಕೆಗೇಡಿನ ಮಾತು ಹೇಳುತ್ತೇನೆ ಕೇಳಿ: ಫೋನು ಇಟ್ಟ ಮೇಲೆ ನನಗೆ ಹಾಯೆನಿಸಿತು.

ಎದ್ದು ಹೋಗಿ ಮೊಳೆಯಿಂದ ಕಾರ್ಡು ತೆಗೆದೆ. ಲೇಸಿನ ಮೇಲೆ ಧೂಳು ಕೂತಿತ್ತು, ಒರೆಸಿದೆ. ಅವ್ವ ಕೊಬ್ಬರಿ ಹೆಚ್ಚುವುದನ್ನು ನಿಲ್ಲಿಸಿ ನೋಡುತ್ತಿದ್ದಳು.

"ತಿರ್ಗಾ ಕರುದ್ರಾ?"

"ಹೂಂ ಕಣವ್ವ."

"ಖಾಯಮ್ಮಿಗಾ?"

ನಾನು ಒರೆಸಿದ ಲೇಸನ್ನೇ ಇನ್ನೊಮ್ಮೆ ಒರೆಸಿದೆ. ಅವ್ವ ಎದ್ದು ಅಡುಗೆಮನೆಗೆ ಹೋದಳು. ಪಾತ್ರೆ ಇಳಿಸುವ ಇಕ್ಕಳ ಹಿಡಿದುಕೊಂಡು ಬಂದು, ಮೊಳೆಯ ತಲೆಗೆ ಕಚ್ಚಿಸಿ, ಎರಡು ಸಲ ಅಲ್ಲಾಡಿಸಿ ಎಳೆದಳು. ಹೊಡೆಯುವಾಗ ಎಷ್ಟು ಸುಲಭವಾಗಿ ಇಳಿದಿತ್ತೋ ಅಷ್ಟೇ ಸುಲಭವಾಗಿ ಬಂತು, ಜೊತೆಗೆ ಒಂದು ಹೆಕ್ಕಳೆ ಗಾರೆಯೂ ಬಂತು. ಮೊಳೆಯನ್ನು ಸೆರಗಿನಲ್ಲಿ ಒರೆಸಿ, ಗೂಡಿನಲ್ಲಿ ಅಪ್ಪನ ಫೋಟೋದ ಪಕ್ಕ ಲೋಟದೊಳಗೆ ಹಾಕಿದಳು. ಆಮೇಲೆ ಬಂದು ಕೂತು, ಮಿಕ್ಕ ಕೊಬ್ಬರಿ ಹೆಚ್ಚತೊಡಗಿದಳು.